ಮೂವತ್ತು ವರ್ಷವೋ, ಮೂವತ್ತನೇ ವರ್ಷವೋ

ಕಾಜಿವಾರಾ ತೊಮೊಎ ಯಾವ ವಸ್ತುವನ್ನೂ ಒಂದೇ ಒಂದು ಇಟ್ಟುಕೊಂಡವಳಲ್ಲ. ಮಗ ಇತ್ಸುಕಿಯ ಶಿಶುವಿಹಾರದ ಚೀಲದಲ್ಲಿ ಎರಡು ಜೊತೆ ಬಟ್ಟೆ ಯಾವಾಗಲೂ ಹೆಚ್ಚಿಗೆ. ಸೈಕಲ್ಲಿನ ಬೀಗದ ಕೈ ಮೂರು: ತನ್ನ ಬಳಿ ಒಂದು, ಗಂಡನ ಬಳಿ ಒಂದು, ಕೆಳಗಿನ ಮನೆಯ ಅಜ್ಜಿಯ ಬಳಿ ಒಂದು. ಅಕ್ಕಿ ಡಬ್ಬಿಯ ತಳ ಕಾಣುವ ಮೊದಲೇ ಇನ್ನೊಂದು ಚೀಲ ಮನೆಗೆ ಬಂದಿರುತ್ತಿತ್ತು.

"ನನಗೂ ಒಂದು ಬ್ಯಾಕಪ್ ಇಟ್ಟಿದ್ದೀಯಾ ಹೇಗೆ?" ಎಂದು ಗಂಡ ಛೇಡಿಸಿದರೆ, "ಇಟ್ಟಿದ್ದೆ. ತೆಗೆದು ನೋಡಿದೆ, ಸರಿಯಿರಲಿಲ್ಲ, ಎಸೆದೆ" ಎನ್ನುವಳು.

ಹೊಟ್ಟೆಪಾಡಿನ ಕೆಲಸವೂ ಅದೇ ಜಾತಿಯದು. ತೊಬಾತಾ ನಿಲ್ದಾಣದ ಹಿಂದಿನ ನಾಲ್ಕು ಮಹಡಿಯ ಬೂದು ಕಟ್ಟಡದಲ್ಲಿ ಅವಳ ಕಚೇರಿ. ಸುತ್ತಲಿನ ಮೂವತ್ತು ಸಣ್ಣಪುಟ್ಟ ಕಂಪನಿಗಳ ಲಿನಕ್ಸ್ ಸರ್ವರುಗಳಲ್ಲಿ ದಿನಾ ಏನೇನು ಬದಲಾಯಿತೋ ಅದರ ನಕಲು ತೆಗೆದು, ಕ್ಯಾಸೆಟ್ಟಿನಂಥ ಟೇಪಿಗೆ ಇಳಿಸಿ, ಕೇಳಿದಾಗ ಹುಡುಕಿ ಕೊಡುವುದು. ಹನ್ನೊಂದು ವರ್ಷದಲ್ಲಿ ಧನ್ಯವಾದ ಹೇಳಲೆಂದು ಬಂದ ಫೋನು ನಾಲ್ಕೋ ಐದೋ. ಮಿಕ್ಕವೆಲ್ಲ "ಇದೆಯಾ?" ಎಂದು ಕೇಳುವ ಫೋನುಗಳು. "ಇದೆ" ಎಂದು ಹೇಳುವಾಗ ಅವಳ ಮನಸ್ಸಿಗೆ ಒಂದು ಹಿತ. ಆ ಒಂದು ಮಾತಿಗಾಗಿಯೇ ಸಂಬಳ ಕೊಡುತ್ತಾರೆ ಎಂದು ಅವಳು ನಂಬಿದ್ದಳು.

ಇಪ್ಪತ್ತಮೂರನೇ ವಯಸ್ಸಿನಲ್ಲಿ ಗುತ್ತಿಗೆಯ ಮೇಲೆ ಬಂದಾಗ ಅವಳ ಕೆಲಸ ಟೇಪಿನ ಪೆಟ್ಟಿಗೆಗಳನ್ನು ಹೊರುವುದಷ್ಟೇ. ಕೆಲಸ ಕಲಿಸಿದ್ದು ಕಚೇರಿಯ ಹಿರಿಯ ಮುತಾ ಸಾನ್; ಹೆಸರಿನ ಕೊನೆಯ ಸಾನ್ ಎಂದರೆ ಇಲ್ಲಿ ‘ಅವರು’ ಎಂಬ ಗೌರವ. ಕಪ್ಪು ತೆರೆಯ ಮೇಲೆ ಆಜ್ಞೆ ಟೈಪ್ ಮಾಡುವುದು, ಬಂದ ಉತ್ತರವನ್ನು ಕೊನೆಯವರೆಗೂ ಓದುವುದು, ಓದಿದ ಮೇಲೂ ನಂಬದಿರುವುದು, ಎಲ್ಲವೂ ಅವರ ಪಾಠ. "ಯಂತ್ರ ಆಯ್ತು ಅಂದ್ರೆ ಆಯ್ತು ಅಂತಲ್ಲ ಕಣೇ, ಆಯ್ತು ಅಂತ ಅದಕ್ಕೆ ಅನ್ನಿಸಿದೆ ಅಂತ" ಎನ್ನುವರು. ಅವರ ಒಂದು ದಪ್ಪ ಖಾತೆ ಪುಸ್ತಕವಿತ್ತು. ಯಾವ ಟೇಪಿನಲ್ಲಿ ಯಾರದು ಏನಿದೆ, ಎಲ್ಲಿಯ ತನಕ ಇಡಬೇಕು ಎಂಬುದೆಲ್ಲ ಅವರ ಕೈಬರಹದಲ್ಲಿ ಅದರಲ್ಲಿತ್ತು. ಮೂರು ವರ್ಷದ ಹಿಂದೆ, ಹಳೆಯ ಬ್ಯಾಕಪ್ ತಂತ್ರಾಂಶ ಹೋಗಿ ಹೊಸದು ಬಂದ ವಸಂತದಲ್ಲಿ, ಮುತಾ ಸಾನ್ ನಿವೃತ್ತರಾದರು. ಆ ಖಾತೆಯ ಒಂದೊಂದು ಸಾಲನ್ನೂ ಹೊಸ ತಂತ್ರಾಂಶಕ್ಕೆ ಏರಿಸುವ ಕೆಲಸ ತೊಮೊಎಯ ಪಾಲಿಗೆ ಬಂತು. ಹೆರಿಗೆ ರಜೆ ಮುಗಿಸಿ ಅವಳು ಅದೇ ತಿಂಗಳು ಮರಳಿದ್ದಳು.

ಅಕ್ಟೋಬರಿನ ಆ ಮಂಗಳವಾರ ಹತ್ತೂಕಾಲಕ್ಕೆ ಬಂದದ್ದೂ "ಇದೆಯಾ?" ಎಂಬ ಫೋನೇ. ಸಮುದ್ರದ ಕಡೆಯ ಬಣ್ಣದ ಕಾರ್ಖಾನೆಯ ಕಚೇರಿಯಿಂದ ತೊಕುನಾಗಾ ಸಾನ್ ಮಾತಾಡಿದರು.

"ತೊಂದ್ರೆ ಕೊಡ್ತಿದೀನಿ, ಕ್ಷಮಿಸ್ಬೇಕು. ನಮ್ಮ ಹಳೇ ಕೆಲಸಗಾರರ ಆರೋಗ್ಯ ತಪಾಸಣೆ ಚೀಟಿಗಳು, ರಾಸಾಯನಿಕದ ಶೆಡ್ಡಿನವರದು. ಅದು ನಿಮ್ಮ ಹತ್ರ ಇದೆ ಅಲ್ವಾ?"

"ನಿಮ್ಮ ಸರ್ವರಿನಲ್ಲೇ ಇರಬೇಕಲ್ಲ?"

"ಕಳೆದ ವರ್ಷ ಕಟ್ಟಡ ಬದಲಾಯಿಸಿದಾಗ ಆ ಹಳೇ ಯಂತ್ರ ಗುಜರಿಗೆ ಹೋಯ್ತು. ಕಾಗದ ಅದಕ್ಕೂ ಮುಂಚೆನೇ ಹೋಗಿತ್ತು. ನಿಮ್ಮಲ್ಲಿ ಇದ್ದೇ ಇದೆ ಅಂತ ಧೈರ್ಯ." ತೊಕುನಾಗಾ ಸಾನ್ ದನಿ ತಗ್ಗಿಸಿದರು. "ಶಿರೌಜು ಅಂತ ಒಬ್ಬರು. ಮೂತ್ರಕೋಶದ ಕ್ಯಾನ್ಸರ್. ಕೆಲಸದಿಂದ ಬಂದ ಕಾಯಿಲೆ ಅಂತ ಪರಿಹಾರಕ್ಕೆ ಅರ್ಜಿ ಹಾಕ್ಬೇಕು. ಎಷ್ಟು ವರ್ಷ ಆ ಶೆಡ್ಡಲ್ಲಿದ್ರು ಅನ್ನೋದಕ್ಕೆ ಆ ಚೀಟಿ ಬಿಟ್ರೆ ಬೇರೆ ದಾಖಲೆ ಇಲ್ಲ. ಪಾಪ, ನಾಳೆ ಗಂಡ ಹೆಂಡತಿ ಇಬ್ಬರೂ ಇಲ್ಲಿಗೆ ಬರ್ತಾರೆ."

"ನೋಡಿ ಹೇಳ್ತೀನಿ" ಎಂದಳು ತೊಮೊಎ. ಕಾರ್ಖಾನೆಯ ಹೆಸರು ಹಾಕಿ ಹುಡುಕಿದಳು. ಲೆಕ್ಕಪತ್ರ, ಸಂಬಳ, ಸರಕು, ಎಲ್ಲವೂ ಬಂತು. ತಪಾಸಣೆಯ ಚೀಟಿ ಎಂಬುದೇ ಬರಲಿಲ್ಲ. ಕಾಗುಣಿತ ಬದಲಾಯಿಸಿ, ವರ್ಷ ಬದಲಾಯಿಸಿ ಒಂದೂವರೆ ಗಂಟೆ ಹುಡುಕಿದಳು. ಇಲ್ಲ. ಎದ್ದು ಹೋಗಿ ಬೀರುವಿನಿಂದ ಮುತಾ ಸಾನ್ ಖಾತೆಯನ್ನು ತೆಗೆದಳು.

ಎರಡೇ ಸಾಲು. ಟೇಪ್ 0417: ತಪಾಸಣೆ ಚೀಟಿ, ಹೇಸೇ ಒಂಬತ್ತರವರೆಗಿನವು. ಟೇಪ್ 0418: ಹತ್ತರಿಂದ ಮುಂದಿನವು. ಎರಡರ ಮುಂದೆಯೂ ‘ಇಡುವುದು’ ಎಂಬ ಅಂಕಣದಲ್ಲಿ 30, ಅದರ ಪಕ್ಕ ಇಲ್ಲಿನ ಲಿಪಿಯಲ್ಲಿ ವರ್ಷ ಎನ್ನುವ ಒಂದೇ ಅಕ್ಷರ.

ಅದೇ ಪುಟದಲ್ಲಿ ಮೇಲಿನ ಸಾಲುಗಳಲ್ಲಿ 28, 29 ಎಂದಿತ್ತು. ಇಲ್ಲಿನ ಕಚೇರಿಗಳಲ್ಲಿ ವರ್ಷ ಎಣಿಸುವುದು ಚಕ್ರವರ್ತಿಯ ಆಳ್ವಿಕೆಯಿಂದ; ಅವು ಹೇಸೇ ಚಕ್ರವರ್ತಿಯ ಕಾಲದ ಇಪ್ಪತ್ತೆಂಟನೇ, ಇಪ್ಪತ್ತೊಂಬತ್ತನೇ ವರ್ಷಗಳು, ಅಲ್ಲಿಯ ತನಕ ಇಟ್ಟರೆ ಸಾಕು ಎಂದು. ಅದೇ ಓಟದಲ್ಲಿ ತೊಮೊಎ ಇದನ್ನೂ ಮೂವತ್ತನೇ ವರ್ಷ ಎಂದು ಓದಿದ್ದಳು. ಹೇಸೇ ಮೂವತ್ತು ಎಂದರೆ ಎರಡು ಸಾವಿರದ ಹದಿನೆಂಟು. ಅವಳು ಓದುವಾಗಲೇ ಅದು ಕಳೆದು ಮೂರು ವರ್ಷವಾಗಿತ್ತು, ಚಕ್ರವರ್ತಿಯೂ ಬದಲಾಗಿದ್ದರು. ಅವಧಿ ಮುಗಿದಿದೆ ಎಂದು ಗುರುತು ಹಾಕಿ ಎರಡೂ ಟೇಪನ್ನು ಮತ್ತೆ ಬಳಸಬಹುದಾದ ಖಾಲಿ ಟೇಪುಗಳ ಗುಂಪಿಗೆ ಸೇರಿಸಿದ್ದಳು. ಮೂವತ್ತನೇ ವರ್ಷವಲ್ಲ, ಮೂವತ್ತು ವರ್ಷ. ಬರೆಯುವಾಗ ಎರಡಕ್ಕೂ ಅಕ್ಷರ ಒಂದೇ. ರಾಸಾಯನಿಕದ ಶೆಡ್ಡಿನವರ ತಪಾಸಣೆಯನ್ನು ಹೇಸೇ ಇಪ್ಪತ್ತರಲ್ಲಿ ಟೇಪಿಗೆ ಇಳಿಸಿ ಯಾವನಾದರೂ ಹತ್ತೇ ವರ್ಷಕ್ಕೆ ಎಸೆಯುತ್ತಾನೆಯೇ ಎಂದು ಆಗ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು.

ಕೂತು ಯೋಚಿಸಲು ಹೊತ್ತಿರಲಿಲ್ಲ. ಖಾಲಿ ಎಂದು ಗುರುತಾದ ಟೇಪನ್ನು ತಂತ್ರಾಂಶ ತನಗೆ ಬೇಕೆಂದಾಗ ಯಾರನ್ನೂ ಕೇಳದೆ ಎತ್ತಿಕೊಂಡು ಹೊಸದನ್ನು ಬರೆಯುತ್ತದೆ. ಮೊದಲಿನ ಒಂದು ಗೇಣು ಬರೆದರೂ ಸಾಕು, ಹಿಂದಿನದೆಲ್ಲ ಹೋದ ಹಾಗೆಯೇ.

0417ನ್ನು ಕೇಳಿದಳು. ಒಂದೂವರೆ ವರ್ಷದ ಹಿಂದೆ, ಒಂದು ಮೀನು ಸಗಟು ವ್ಯಾಪಾರಿಯ ದಾಖಲೆಗಳು ಅದರ ಮೇಲೆ ಕೂತಿದ್ದವು. ಹೋಯಿತು.

0418ನ್ನು ಕೇಳಿದಳು. ಚಿಕ್ಕ ಟೇಪ್ ಯಂತ್ರದ ಮೂವತ್ತೊಂದನೇ ಗೂಡಿನಲ್ಲಿದೆ. ಹೊಸದೇನೂ ಬರೆದಿಲ್ಲ. ಖಾಲಿ ಗುಂಪಿನಲ್ಲಿದೆ.

ಗಡಿಯಾರದಲ್ಲಿ ಹನ್ನೊಂದು ಐವತ್ತೆಂಟು. ಹನ್ನೆರಡಕ್ಕೆ ಅದೇ ಯಂತ್ರದಲ್ಲಿ ನಕಲು ತೆಗೆಯುವ ಒಂದು ಕೆಲಸ ತಾನಾಗಿ ಏಳುತ್ತದೆ, ಮತ್ತು ಅದು ಬರೆಯುವ ಟೇಪು ಬೆಳಿಗ್ಗೆಯೇ ಬಹುತೇಕ ತುಂಬಿತ್ತು; ಇನ್ನೊಂದು ಖಾಲಿ ಟೇಪನ್ನು ಅದು ಎತ್ತಿಕೊಳ್ಳುತ್ತದೆ.

ಟೇಪನ್ನು ಯಾರೂ ಮುಟ್ಟದಂತೆ ಬಿಗಿ ಮಾಡುವ ಆಜ್ಞೆಯನ್ನು ಟೈಪ್ ಮಾಡಿ ಒತ್ತಿದಳು. ‘ಬಿಗಿಯಾಯಿತು’ ಎಂದು ಉತ್ತರ ಬಂತು. ಉಸಿರು ಬಿಟ್ಟು, ಅಭ್ಯಾಸಬಲದಿಂದ ಉತ್ತರವನ್ನು ಕೊನೆಯವರೆಗೂ ಓದಿದಳು. 0481. ಬೆರಳು ಅಂಕಿಗಳನ್ನು ತಿರುವಿಹಾಕಿತ್ತು. ಮತ್ತೆ ಟೈಪ್ ಮಾಡುವಷ್ಟರಲ್ಲಿ ಹನ್ನೆರಡು. ಈ ಸಲದ ಉತ್ತರ ಬೇರೆಯಾಗಿತ್ತು: 0418 ಇನ್ನೊಂದು ಕೆಲಸದ ಕೈಯಲ್ಲಿದೆ.

ಇನ್ನೊಂದು ಆಜ್ಞೆ ಕೊಟ್ಟು ಆ ಕೆಲಸವನ್ನೇ ಕೊಂದಳು. ಯಾರ ಕೆಲಸ ಎಂದೂ ನೋಡಲಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಎರಡು ಮಹಡಿ ಇಳಿದು, ಬಾಗಿಲಿಗೆ ಕಾರ್ಡ್ ತೋರಿಸಿ, ಚಪ್ಪಲಿ ಬದಲಾಯಿಸುವುದನ್ನೂ ಮರೆತು ಯಂತ್ರದ ಕೋಣೆಗೆ ನುಗ್ಗಿದಳು. ಗಾಜಿನ ಕಿಟಕಿಯ ಹಿಂದೆ ರೋಬೋ ತೋಳು ಸುಮ್ಮನೆ ನಿಂತಿತ್ತು. ಮೂವತ್ತೊಂದನೇ ಗೂಡು ಖಾಲಿ. ಟೇಪು ಡ್ರೈವಿನ ಬಾಯೊಳಗೆ ಹೋಗಿಬಿಟ್ಟಿತ್ತು.

ಹೊರಗೆ ಬರಿಸಲು ಒಂದು ನಿಮಿಷ ಹಿಡಿಯಿತು. ಕೈಗೆ ಬಂದಾಗ ಟೇಪು ಇನ್ನೂ ಬೆಚ್ಚಗಿರಲಿಲ್ಲ. ಅದರ ಮೂಲೆಯಲ್ಲಿ ಬರೆಯುವುದನ್ನು ತಡೆಯುವ ಪುಟ್ಟ ಕೆಂಪು ಗುಂಡಿಯೊಂದಿದೆ, ಅದನ್ನು ಉಗುರಿನಿಂದ ಸರಿಸಿದಳು. ಇನ್ನು ಯಾವ ಯಂತ್ರವೂ ಇದರ ಮೇಲೆ ಬರೆಯಲಾರದು. ಈ ಒಂದು ನಿಮಿಷದಲ್ಲಿ ಬರೆಯಿತೋ ಇಲ್ಲವೋ ಎಂಬುದು ಮಾತ್ರ ಓದಿದರಷ್ಟೇ ಗೊತ್ತಾಗುವ ಮಾತು.

ಮೆಟ್ಟಿಲ ಮೇಲೆ ನಿಂತೇ ಮುತಾ ಸಾನ್‌ಗೆ ಫೋನ್ ಮಾಡಿದಳು. ಹಿಂದೆ ಗಾಳಿಯ ಸದ್ದು, ದೋಣಿಯ ಮೋಟರಿನ ಸದ್ದು. ಮೀನು ಹಿಡಿಯಲು ಹೋಗಿದ್ದರು.

"ತೊಮೊ ಚಾನ್! ಸತ್ತೆನೋ ಬದುಕಿದ್ದೆನೋ ಅಂತ ವಿಚಾರಿಸೋಕಾ?"

"ಮುತಾ ಸಾನ್, ಬಣ್ಣದ ಕಾರ್ಖಾನೆ ತಪಾಸಣೆ ಚೀಟಿ. ಮೂವತ್ತು ಅಂತ ಬರ್ದಿದೀರಲ್ಲ..."

"ಮೂವತ್ತು ವರ್ಷ ಇಡ್ಬೇಕು ಅದನ್ನ. ಕಾನೂನು ಕಣೇ. ಯಾಕೆ?"

ಆ ಕಡೆ ಮೋಟರಿನ ಸದ್ದು ನಿಂತಿತು.

"ಮೂವತ್ತನೇ ವರ್ಷ ಅಂತ ಓದ್ಕೊಂಡ್ಯಾ?"

"ಹ್ಞೂಂ."

"ಅಯ್ಯೋ ಹುಚ್ಚಿ. ಒಂದು ಫೋನ್ ಮಾಡಬಾರದಿತ್ತಾ? ನಾನೇನು ನಿವೃತ್ತಿ ತಗೊಂಡು ಚಂದ್ರಲೋಕಕ್ಕೆ ಹೋಗಿದ್ನಾ?"

ಮಾಡಬಹುದಾಗಿತ್ತು. ಆ ವಸಂತದಲ್ಲಿ ಅವಳು ದಿನಾ ನಾಲ್ಕು ಗಂಟೆಗೆ, ಉಳಿದವರೆಲ್ಲ ಕೂತಿರುವಾಗಲೇ, ಎಲ್ಲರಿಗೂ ತಲೆ ಬಗ್ಗಿಸಿ ಹೊರಡುತ್ತಿದ್ದಳು. ಎದೆಹಾಲು ಕಟ್ಟಿ ಅಂಗಿ ಒದ್ದೆಯಾಗುವ ದಿನಗಳು. ಯಾರ ಬಳಿಯೂ ಇನ್ನೊಂದು ಉಪಕಾರ ಕೇಳುವುದು ಬೇಡ, ಕೊಟ್ಟ ಕೆಲಸವನ್ನು ಒಬ್ಬಳೇ ಮುಗಿಸಿ ತೋರಿಸಬೇಕು ಎಂಬ ಹಟದಲ್ಲಿ ಎಂಟುನೂರು ಸಾಲನ್ನು ಎರಡು ವಾರದಲ್ಲಿ ಏರಿಸಿದ್ದಳು. ಅದನ್ನೆಲ್ಲ ಅವರಿಗೆ ಹೇಳಲಿಲ್ಲ. "ಓದೋಕೆ ಹಾಕ್ತೀನಿ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ವಿಭಾಗದ ಮುಖ್ಯಸ್ಥ ಅರಿಯೋಶಿ ಸಾನ್‌ಗೆ ಒಂದು ಹಳೆಯ ತಮಾಷೆ. ವರದಿ ಮಾಡು, ಸುದ್ದಿ ಮುಟ್ಟಿಸು, ಸಲಹೆ ಕೇಳು ಎಂಬ ಮೂರು ಮಾತಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ ಇಲ್ಲಿನ ಮಾತಿನಲ್ಲಿ ಪಾಲಕ್ ಸೊಪ್ಪು ಆಗುತ್ತದೆ. ಈ ದೇಶದ ಎಲ್ಲ ಕಚೇರಿಗಳಲ್ಲೂ ಹೊಸಬರಿಗೆ ಉಣಿಸುವ ಮೊದಲ ತುತ್ತು ಅದು. ಅರಿಯೋಶಿ ಸಾನ್ ಮಾತ್ರ ಇಪ್ಪತ್ತು ವರ್ಷ ದುಡಿದ ನೌಕರರನ್ನೂ "ಸೊಪ್ಪು ತಂದ್ರಾ?" ಎಂದೇ ಕೇಳುವರು.

ಅವರು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ತೊಮೊಎ ಮೇಜಿನ ಮುಂದೆ ನಿಂತಳು.

"ಸೊಪ್ಪು ತಂದಿದೀನಿ. ಬಾಡಿದೆ. ಮೂರು ವರ್ಷದ್ದು."

ಅರಿಯೋಶಿ ಸಾನ್ ನಗಲು ಹೊರಟು, ಅವಳ ಮುಖ ನೋಡಿ ನಿಲ್ಲಿಸಿದರು. ಅವಳು ಎಲ್ಲವನ್ನೂ ಹೇಳಿದಳು. ಖಾತೆಯನ್ನೂ, ಆ ಟೇಪುಗಳನ್ನು ಮತ್ತೆ ಬಳಸಲು ಮೂರು ವರ್ಷದ ಹಿಂದೆ ಪಡೆದ ಅನುಮತಿ ಪತ್ರವನ್ನೂ ಮುಂದಿಟ್ಟಳು. ಅದರ ಕೆಳಗೆ ಸಹಿಯ ಬದಲು ಒತ್ತುವ ಅವಳ ಮುದ್ರೆ, ಪಕ್ಕದಲ್ಲಿ ಅರಿಯೋಶಿ ಸಾನ್ ಮುದ್ರೆ.

"ನಾನು ಓದಿ ಒತ್ತಿದ್ನಾ?" ಎಂದು ಅವರು ತಮ್ಮನ್ನೇ ಕೇಳಿಕೊಂಡರು. "ಇಲ್ಲ ಅನ್ಸುತ್ತೆ." ಖಾತೆಯ ಆ ಎರಡು ಸಾಲನ್ನು ಓದಿದರು. "ಕಾಜಿವಾರಾ ಸಾನ್, ಇದು ಬರೆದವರದ್ದೂ ತಪ್ಪಲ್ವಾ? ಸ್ಪಷ್ಟವಾಗಿಲ್ಲ. ಮುತಾ ಸಾನ್ ಈಗ ಇಲ್ಲಿ ಇಲ್ಲ, ಅವರಿಗೇನೂ ನಷ್ಟ ಇಲ್ಲ."

"ಸ್ಪಷ್ಟವಾಗಿಲ್ಲ ನಿಜ. ಕೇಳ್ಬೇಕಾಗಿದ್ದವಳು ನಾನು."

ಅವರು ಡಬ್ಬಿ ಮುಚ್ಚಿದರು. "ಮೊದಲು ಓದಿ ನೋಡೋಣ. ಏನೂ ಇಲ್ಲದಿದ್ರೆ ಯಾರ ತಪ್ಪು ಅನ್ನೋ ಮಾತಿಗೂ ಅರ್ಥ ಇಲ್ಲ."

ಒಂದು ಗಂಟೆಗೆ ಟೇಪನ್ನು ಓದಲು ಹಾಕಿದಳು. ಟೇಪಿನಲ್ಲಿ ಏನಿದೆ ಎಂದು ಹೊಸ ತಂತ್ರಾಂಶಕ್ಕೆ ಗೊತ್ತಿಲ್ಲ. ಮೊದಲಿನಿಂದ ಕೊನೆಯವರೆಗೆ ಓದಿ ಅದು ತಾನೇ ಪಟ್ಟಿ ಮಾಡಿಕೊಳ್ಳಬೇಕು. ನಾಲ್ಕೂವರೆ ಗಂಟೆಯ ಕೆಲಸ. ಮೊದಲ ಹತ್ತು ನಿಮಿಷ ತೆರೆಯ ಮೇಲೆ ಏನೂ ಬರಲಿಲ್ಲ. ಆಮೇಲೆ ಒಂದು ಸಾಲು ಬಂತು: ಹಳೆಯ ಹಣೆಪಟ್ಟಿ, 0418, ಹೇಸೇ ಇಪ್ಪತ್ತರಲ್ಲಿ ಬರೆದದ್ದು. ಹನ್ನೆರಡರ ಆ ಕೆಲಸ ಬರೆಯುವ ಮೊದಲೇ ಸತ್ತಿತ್ತು. ತೊಮೊಎ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹಣೆಪಟ್ಟಿ ಸಿಕ್ಕಿದೆ ಅಷ್ಟೇ, ಒಳಗಿನದು ಸಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಕೈ ತೆಗೆದಳು.

ಎರಡೂ ಮುಕ್ಕಾಲಿಗೆ ಅವಳ ಮೊಬೈಲು ಗುಂಯ್‌ಗುಟ್ಟಿತು. ಶಿಶುವಿಹಾರ.

"ಇತ್ಸುಕಿ ಕುನ್‌ಗೆ ಜ್ವರ, ಮೂವತ್ತೇಳು ಪಾಯಿಂಟ್ ಎಂಟು ಡಿಗ್ರಿ ಇದೆ ಅಮ್ಮಾ. ಕರ್ಕೊಂಡು ಹೋಗ್ಬೇಕಲ್ಲ."

ಮೂವತ್ತೇಳೂವರೆ ದಾಟಿದರೆ ಕರೆದೊಯ್ಯಲೇಬೇಕು, ಅದು ನಿಯಮ. ಗಂಡ ಅಂದು ಕೆಲಸದ ಮೇಲೆ ಹಕಾತಾ ಊರಿಗೆ ಹೋಗಿದ್ದ. ತೊಮೊಎ ತೆರೆಯನ್ನು ನೋಡಿದಳು. ನೂರಕ್ಕೆ ಮೂವತ್ತೆಂಟು.

"ಹೋಗಿ" ಎಂದರು ಅರಿಯೋಶಿ ಸಾನ್. "ನೀವು ದಿಟ್ಟಿಸಿ ನೋಡಿದ್ರೆ ಟೇಪ್ ಬೇಗ ಓಡುತ್ತಾ? ಮಗುಗಾದ್ರೆ ಅಮ್ಮ ಬೇಕು. ನಾನು ಕೂತಿರ್ತೀನಿ."

"ನೀವಾ?"

"ಯಾಕೆ, ನಾನೂ ಒಂದು ಕಾಲದಲ್ಲಿ ಈ ಕೆಲಸ ಮಾಡಿದ್ದೆ. ಆಗ ಟೇಪ್ ದುಂಡಗಿತ್ತು."

ಮಕ್ಕಳ ವೈದ್ಯರ ಮೊಗಸಾಲೆಯಲ್ಲಿ ಇತ್ಸುಕಿ ತೊಡೆಯ ಮೇಲೆ ಒರಗಿದ್ದ, ಬಿಸಿಯಾಗಿ, ಭಾರವಾಗಿ. ಹಣೆಯ ಮೇಲೆ ತಂಪಿನ ಪಟ್ಟಿ. ಅವನ ಕೂದಲಿನ ಬೆವರಿನ ವಾಸನೆಯಲ್ಲಿ ಮೂಗಿಟ್ಟು ಅವಳು ಶಿರೌಜು ಎಂಬ ಕಾಣದ ಮನುಷ್ಯನ ಹೆಂಡತಿಯನ್ನು ನೆನೆದಳು. ನಾಳೆಗೆ ಯಾವ ಬಟ್ಟೆ, ಯಾವ ರೈಲು ಎಂದು ಆಕೆ ಈಗ ಯೋಚಿಸುತ್ತಿರಬಹುದು. ಆಸ್ಪತ್ರೆಯ ಚೀಟಿಗಳನ್ನು ಒಂದು ಚೀಲಕ್ಕೆ ಹಾಕಿಡುತ್ತಿರಬಹುದು. ಕಾರ್ಖಾನೆಯವರು ಇದೆ ಎಂದಿದ್ದಾರೆ ಎಂದು ಗಂಡನಿಗೆ ಧೈರ್ಯ ಹೇಳುತ್ತಿರಬಹುದು.

ಮೊಬೈಲು ನಡುಗಿತು. ಹೊರಗಿನ ಮೆಟ್ಟಿಲಿಗೆ ಮಗುವನ್ನೆತ್ತಿಕೊಂಡೇ ಬಂದಳು.

"ಕೆಂಪಕ್ಷರ ಬಂತು!" ಅರಿಯೋಶಿ ಸಾನ್ ದನಿ ಕೀರಲಾಗಿತ್ತು. "ಎಪ್ಪತ್ತೆರಡಕ್ಕೆ ನಿಂತ್ಹೋಯ್ತು. ಓದಕ್ಕಾಗ್ತಿಲ್ಲ ಅಂತಿದೆ. ಏನ್ ಒತ್ಲಿ? ಒಂದು ಗುಂಡಿ ಮಿಣಮಿಣ ಅಂತಿದೆ, ಅದನ್ನ ಒತ್ಲಾ?"

"ಏನೂ ಒತ್ತಬೇಡಿ! ಕೈ ಹಿಂದೆ ಕಟ್ಕೊಳಿ."

"ಕಟ್ಕೊಂಡೆ. ಫೋನ್ ಬಿತ್ತು. ಹ್ಞಾಂ, ಹೇಳಿ."

"ಮಿಣಮಿಣ ಅನ್ನೋ ದೀಪದ ಬಣ್ಣ ಏನು?"

"ಹಳದಿ."

"ಹಾಗಾದ್ರೆ ಡ್ರೈವಿನ ತಲೆಗೆ ಧೂಳು ಕೂತಿದೆ. ಟೇಪ್ ಹೊರಗೆ ಬರಿಸಿ. ಕೆಂಪು ಗುಂಡಿ ಸರಿಸಿದ ಹಾಗೇ ಇದೆಯಾ ನೋಡಿ. ಬೀರುವಿನ ಎರಡನೇ ಅರೆಯಲ್ಲಿ ಶುಚಿ ಮಾಡೋ ಟೇಪ್ ಇದೆ, ಅದರ ಮೇಲೆ ಪೊರಕೆ ಚಿತ್ರ ಅಂಟಿಸಿದೀನಿ."

"ಪೊರಕೆ... ಪೊರಕೆ... ಇದು ಪೊರಕೆನಾ? ಹೂವಿನ ಗೊಂಚಲಿದ್ದ ಹಾಗಿದೆ."

"ಇತ್ಸುಕಿ ಬರೆದಿದ್ದು ಅದು."

"ಅಮ್ಮ, ಯಾರು?" ಎಂದು ಇತ್ಸುಕಿ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಅರಿಯೋಶಿ ಅಂಕಲ್. ಕಸ ಗುಡಿಸ್ತಿದಾರೆ."

ಶುಚಿಯಾದ ಮೇಲೆ ಟೇಪನ್ನು ಮತ್ತೆ ಮೊದಲಿನಿಂದಲೇ ಓದಬೇಕಾಯಿತು. ಔಷಧ ತೆಗೆದುಕೊಂಡು ಮನೆಗೆ ಬಂದಳು, ಗಂಜಿ ಮಾಡಿದಳು. ಮಗ ಎರಡು ಚಮಚ ತಿಂದು ನಿದ್ದೆ ಹೋದ. ಅರ್ಧ ಗಂಟೆಗೊಮ್ಮೆ ಒಂದು ಅಂಕಿ ಮೊಬೈಲಿಗೆ ಬರುತ್ತಿತ್ತು. ಬೇರೆ ಮಾತಿಲ್ಲ, ಅಂಕಿ ಮಾತ್ರ. ಎಪ್ಪತ್ತು ಬಂದ ಮೇಲೆ ಮುಂದಿನದಕ್ಕೆ ಕಾಯುತ್ತ ಅವಳು ತೊಳೆದಿದ್ದ ಬಟ್ಟಲನ್ನು ಮತ್ತೊಮ್ಮೆ ತೊಳೆದಳು. ಎಪ್ಪತ್ತೊಂಬತ್ತು ಎಂದು ಬಂತು. ಬಟ್ಟಲನ್ನು ಒರೆಸಿ ಎತ್ತಿಟ್ಟಳು. ಒಂಬತ್ತು ಗಂಟೆಗೆ ಒಂದು ಚಿತ್ರ ಬಂತು: ಕಡತಗಳ ಉದ್ದ ಪಟ್ಟಿ, ನಡುವೆ ಅರಿಯೋಶಿ ಸಾನ್ ಬೆರಳು, ಬೆರಳಿನ ತುದಿಯಲ್ಲಿ ಶಿರೌಜು ಎಂಬ ಹೆಸರು. ಹದಿನಾರು ಚೀಟಿಗಳು.

ಮರುದಿನ ಗಂಡ ಮಗುವಿನ ಜೊತೆ ಉಳಿದ. ತೊಮೊಎ, ಅರಿಯೋಶಿ ಸಾನ್ ಇಬ್ಬರೂ ಕ್ಷಮೆ ಕೇಳಲು ಹೋಗುವವರ ಹಾಗೆ ಕಪ್ಪು ಕೋಟು ಹಾಕಿ, ನಿಲ್ದಾಣದ ಅಂಗಡಿಯಲ್ಲಿ ಒಂದು ಪೆಟ್ಟಿಗೆ ಸಿಹಿ ಕೊಂಡು ಕಾರ್ಖಾನೆಗೆ ಹೋದರು. ಅತಿಥಿಗಳ ಕೋಣೆಯಲ್ಲಿ ಶಿರೌಜು ದಂಪತಿ ಆಗಲೇ ಕೂತಿದ್ದರು. ಅರವತ್ತೆಂಟರ ಮನುಷ್ಯ, ಕೊರಳಪಟ್ಟಿಯೊಳಗೆ ಕತ್ತು ಅಲ್ಲಾಡುವಷ್ಟು ಇಳಿದುಹೋಗಿದ್ದರು. ತೊಕುನಾಗಾ ಸಾನ್ ಮುದ್ರಿಸಿದ ಹಾಳೆಗಳನ್ನು ಅವರ ಮುಂದಿಟ್ಟರು.

"ನೋಡೇ, ಅರವತ್ತೆರಡು ಕೆಜಿ ಇದ್ದೆ ಆಗ" ಎಂದರು ಶಿರೌಜು ಸಾನ್ ಹೆಂಡತಿಗೆ.

"ಆವತ್ತು ನನಗೆ ಐವತ್ತೆಂಟು ಅಂತ ಹೇಳಿದ್ರಿ. ಸುಳ್ಳು ಹೇಳಿ ಎರಡೆರಡು ಬಟ್ಟಲು ತಿಂತಿದ್ರಿ."

ಶಿರೌಜು ಸಾನ್ ಹಾಳೆಗಳನ್ನು ಒಂದೊಂದಾಗಿ ತಿರುವಿ ಮೊದಲನೆಯದಕ್ಕೆ ಮರಳಿದರು. "ಇದು ಹೇಸೇ ಹತ್ತರದ್ದು. ನಾನು ಸೇರಿದ್ದು ಆರರಲ್ಲಿ. ಅದರ ಹಿಂದಿನವು?"

ಅರಿಯೋಶಿ ಸಾನ್ ಸಿಹಿಯ ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿ ತಲೆ ಬಗ್ಗಿಸಿದರು. "ತುಂಬಾ ವಿಷಾದದ ವಿಷಯ. ವ್ಯವಸ್ಥೆಯ ಬದಲಾವಣೆಯ ಕಾರಣದಿಂದಾಗಿ ಮೊದಲಿನ ಭಾಗ ಲಭ್ಯವಾಗದೆ..."

"ನಾನು ಅಳಿಸಿದೆ" ಎಂದಳು ತೊಮೊಎ. ದನಿ ಅವಳು ಎಣಿಸಿದ್ದಕ್ಕಿಂತ ಜೋರಾಗಿ ಬಂತು. "ಅವಧಿಯನ್ನ ತಪ್ಪಾಗಿ ಓದಿ ಅಳಿಸೋಕೆ ಬಿಟ್ಟೆ. ಕ್ಷಮಿಸಿ." ಮೇಜಿಗೆ ಹಣೆ ತಾಗುವಷ್ಟು ಬಗ್ಗಿದಳು.

"ಆ ನಾಲ್ಕು ವರ್ಷ ನಮಗೆ ಮುಖಕ್ಕೆ ಕವಚ ಕೊಟ್ಟಿರಲಿಲ್ಲ" ಎಂದರು ಶಿರೌಜು ಸಾನ್. ಯಾರನ್ನೂ ಬೈಯುವ ದನಿಯಲ್ಲ, ಲೆಕ್ಕ ಹೇಳುವ ದನಿ. "ಅದೇ ನೋಡಿ ಕೆಟ್ಟ ಕಾಲ."

ತೊಮೊಎ ತಲೆಯೆತ್ತಲಿಲ್ಲ. ತೊಕುನಾಗಾ ಸಾನ್ ಒಂದು ಹಾಳೆಯ ಮೇಲೆ ಬೆರಳಿಟ್ಟರು. "ಪ್ರತಿ ಚೀಟಿಯಲ್ಲೂ ಈ ಕೆಲಸಕ್ಕೆ ಸೇರಿದ ದಿನ ಬರೆದಿದಾರೆ. ಇಲ್ಲಿ. ಹೇಸೇ ಆರು, ಏಪ್ರಿಲ್. ಡಾಕ್ಟರ್ ರುಜುವೂ ಇದೆ. ಅರ್ಜಿ ಹಾಕೋಕೆ ಇಷ್ಟು ಆಗುತ್ತೆ. ಮುಂದಿನದು ಪರಿಹಾರದ ಕಚೇರಿಯವರು ನೋಡ್ತಾರೆ."

ಹೆಂಡತಿ ಕಣ್ಣೊರೆಸಿಕೊಂಡರು. ಶಿರೌಜು ಸಾನ್ ಮಾತ್ರ ತೊಮೊಎಯ ಕಡೆಯೇ ನೋಡುತ್ತಿದ್ದರು.

"ತಲೆ ಎತ್ತಮ್ಮ. ಒಂದು ಕೆಲಸ ಮಾಡಿ. ಈಗ ಹೇಳಿದ್ರಲ್ಲ, ಅದನ್ನ ಕಾಗದದ ಮೇಲೆ ಬರೆದು ಕೊಡಿ. ಅವರು ನಾಳೆ ಕೇಳ್ತಾರೆ, ಮೊದಲ ನಾಲ್ಕು ವರ್ಷದ್ದು ಎಲ್ಲಿ, ಯಾಕಿಲ್ಲ ಅಂತ. ನಾನು ಬಚ್ಚಿಟ್ಟೆ ಅಂತಲೋ, ಇರಲೇ ಇಲ್ಲ ಅಂತಲೋ ಆಗಬಾರದು."

ಅರಿಯೋಶಿ ಸಾನ್ ಬಾಯಿ ತೆರೆದರು. ಕಂಪನಿಯ ಹೆಸರಿನಲ್ಲಿ ಇಂಥದ್ದನ್ನು ಬರೆಯಬೇಕಾದರೆ ಮೇಲಿನವರನ್ನು ಕೇಳಬೇಕು, ಅದಕ್ಕೆ ವಾರ ಹಿಡಿಯುತ್ತದೆ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿ, ಜೇಬಿನಿಂದ ಪೆನ್ನು ತೆಗೆದು ತೊಮೊಎಯ ಮುಂದಿಟ್ಟರು.

ಅವಳು ಬರೆದಳು. ಎರಡು ಹಾಳೆ ಕೆಟ್ಟವು, ಮೂರನೆಯದು ನಿಂತಿತು. ಮುದ್ರೆ ಒತ್ತಿ ಎರಡೂ ಕೈಯಿಂದ ಕೊಟ್ಟಳು.

"ಓದಿ ಹೇಳಿ. ಕೈಬರಹ ಕಾಣಲ್ಲ, ಕನ್ನಡಕ ತಂದಿಲ್ಲ" ಎಂದರು ಶಿರೌಜು ಸಾನ್.

"ಹೇಸೇ ಆರರಿಂದ ಒಂಬತ್ತರವರೆಗಿನ ತಪಾಸಣೆ ಚೀಟಿಗಳು ನಮ್ಮ ಟೇಪಿನಲ್ಲಿ ಇದ್ದವು. ಹೊಸ ತಂತ್ರಾಂಶಕ್ಕೆ ಬದಲಾಯಿಸುವಾಗ ಅವಧಿಯನ್ನು ತಪ್ಪಾಗಿ ಓದಿ ನಾನು ಅವುಗಳನ್ನು ಅಳಿಸಲು ಬಿಟ್ಟೆ. ಕಾಜಿವಾರಾ ತೊಮೊಎ."

ಅವರು ಕಣ್ಣು ಮುಚ್ಚಿ ಕೇಳಿದರು.

"ಮೊದಲ ಸಾಲು ಇನ್ನೊಂದ್ಸಲ" ಎಂದರು. "ಇದ್ದವು ಅಂತ ಬರುತ್ತಲ್ಲ, ಅದು."

ಅವಳು ಮತ್ತೆ ಓದಿದಳು.